ಕಮಲಾಪುರದ ಕಹಿ ಹಿಂಡಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಕಮಲಾಪುರದ ಮೀನು ಸಂಸ್ಕರಣಾ ಶೆಡ್ಡಿಗೆ ಮೇಲ್ವಿಚಾರಕನಾಗಿ ಕಳುಹಿಸಿದರು. ನಾನು ಕೆಲಸಕ್ಕಿದ್ದ ಸಂಸ್ಥೆಯ ಕಚೇರಿ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿತ್ತು. ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಎಣ್ಣೆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನಾಗಿ ದುಡಿಮೆ ಆರಂಭಿಸಿದ ನಾನು ಹತ್ತನೇ ತರಗತಿಯಿಂದಾಚೆ ಓದಿದವನಲ್ಲ. ಆಹಾರ ತಂತ್ರಜ್ಞಾನವನ್ನು ಹಳೆಯ ಪುಸ್ತಕಗಳಿಂದ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಲಿತೆ. ಹಾಗೆ ಕಲಿತವನಿಗೆ ಒಂದು ಚಟ ಅಂಟುತ್ತದೆ. ಯಾರು ಏನು ಹೇಳಿದರೂ, ಅದು ನಿಮಗೆ ಹೇಗೆ ಗೊತ್ತು ಎಂದು ಕೇಳದೆ ಸುಮ್ಮನಿರಲಾಗುವುದಿಲ್ಲ.

ಅಲ್ಲಿನ ಕೆರೆಯಲ್ಲಿ ದೊಡ್ಡ ಮೀನಿನ ಜೊತೆ ಬೆರಳುದ್ದದ ಬಿಳಿ ಮೀನೂ ಬಲೆಗೆ ಬೀಳುತ್ತಿತ್ತು. ಕಲಬುರಗಿಯ ಶಹಾಬಜಾರದ ವ್ಯಾಪಾರಿಗಳು ಅದನ್ನು ‘ಕಚರಾ’, ಅಂದರೆ ಕಸ, ಎಂದು ಕರೆದು ಬದಿಗೆ ತಳ್ಳುತ್ತಿದ್ದರು. ಮುಳ್ಳಿನ ಸಮೇತ ಪುಡಿ ಮಾಡಿದರೆ ಅದರಲ್ಲಿ ಪ್ರೋಟೀನ್ ಜೊತೆಗೆ ಕ್ಯಾಲ್ಸಿಯಂ ಕೂಡ ಧಾರಾಳವಾಗಿ ದೊರೆಯುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಿ, ಸೌರ ಡ್ರೈಯರ್‌ನಲ್ಲಿ ಒಣಗಿಸಿ, ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ, ನಮ್ಮ ಕಡೆ ರೊಟ್ಟಿಯೊಂದಿಗೆ ತಿನ್ನುವ ಹಿಂಡಿ, ಅಂದರೆ ಚಟ್ನಿಪುಡಿ, ಮಾಡುವುದು ನಮ್ಮ ಯೋಜನೆ.

ಶೆಡ್ಡಿನಲ್ಲಿ ಎಂಟು ಜನ ಹೆಂಗಸರಿದ್ದರು. ಮುಂದಾಳು ಭೀಮಬಾಯಿ, ಮೀನು ಹಿಡಿಯುವ ಮನೆತನದವರು. ಶೆಡ್ಡಿಗೆ ಬರುವ ಮೊದಲು ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಕಲಬುರಗಿಗೆ ಬಸ್ಸಿನಲ್ಲಿ ಓಡಾಡಿದವರು. ವಾಸನೆ ಎಂದು ಕಂಡಕ್ಟರರು ಅವರನ್ನು ಹಿಂದಿನ ಬಾಗಿಲ ಬಳಿ ನಿಲ್ಲಿಸುತ್ತಿದ್ದರಂತೆ. ಸೀಟು ಖಾಲಿ ಇದ್ದರೂ ಕೂರುವಂತಿರಲಿಲ್ಲ. “ಈ ಶೆಡ್ ಬಂದ ಮ್ಯಾಲೆ ಬುಟ್ಟಿ ಮಗುಚಿ ಇಟ್ಟೀನ್ರಿ ಸಾಹೇಬ್ರ. ಅದನ್ನ ಮತ್ತ ಎತ್ತಸಬ್ಯಾಡ್ರಿ,” ಎಂದು ಮೊದಲ ದಿನವೇ ಹೇಳಿದ್ದರು.

ಮೊದಲ ಬ್ಯಾಚನ್ನು ಕಲಬುರಗಿಯ ಬ್ರಹ್ಮಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಕೊಟ್ಟೆವು. ಅಡುಗೆಯ ಶರಣಮ್ಮ ಡಬ್ಬಿಗಳನ್ನು ಹಿಂತಿರುಗಿಸುತ್ತ, “ಏನ್ರಿ ಇದು, ಬೇವಿನ ಸೊಪ್ಪು ಕುಟ್ಟೀರೇನು? ಹುಡುಗ್ಯಾರು ನನ್ನ ಬೈಲಾಕತ್ತಾರ,” ಎಂದರು. ಎರಡನೆಯ ಬ್ಯಾಚೂ ಕಹಿಯಾಯಿತು. ಕಚೇರಿಯಲ್ಲಿ ಎರಡು ವಿವರಣೆಗಳು ಹುಟ್ಟಿಕೊಂಡವು: ಆ ಜಾತಿಯ ಮೀನೇ ಕಹಿ, ಅಥವಾ ಹೆಂಗಸರು ಸರಿಯಾಗಿ ತೊಳೆಯುವುದಿಲ್ಲ. ಮುಖ್ಯಸ್ಥೆಯಾಗಿದ್ದ ಮೇಡಂ ನೇರವಾಗಿ ಹೇಳಿದರು: “ಇನ್ನೊಂದು ಬ್ಯಾಚ್ ನೋಡೂಣ್ರಿ. ಅದೂ ಹಿಂಗೇ ಆದ್ರ ಶೆಡ್ ಮುಚ್ಚೂದೇ.”

ಎರಡೂ ವಿವರಣೆಗಳನ್ನು ನಾನು ನಂಬಲಿಲ್ಲ. ಶೇಂಗಾ ಬದಲಿಸಿದೆ, ಮೆಣಸಿನಕಾಯಿ ಬದಲಿಸಿದೆ, ಡ್ರೈಯರಿನ ತಟ್ಟೆಗಳನ್ನು ನಾನೇ ನಿಂತು ಕುದಿನೀರಿನಲ್ಲಿ ತೊಳೆಸಿದೆ. ಪ್ರತಿ ಬಾರಿಯೂ ಬೆರಳಿನಲ್ಲಿ ಚೂರು ತೆಗೆದು ನಾಲಿಗೆಗೆ ಹಚ್ಚಿದರೆ ಅದೇ ಕಹಿ. ಹೊಟ್ಟೆ ಸೀಳಿ ಸ್ವಚ್ಛ ಮಾಡಿದ ಮೀನು ಮಾತ್ರ ಕಹಿಯಾಗಿರಲಿಲ್ಲ. ಆದರೆ ಬೆರಳುದ್ದದ ಮೀನನ್ನು ಒಂದೊಂದಾಗಿ ಸೀಳುತ್ತ ಕುಳಿತರೆ ಎಂಟು ಜನರಿಗೆ ದಿನಕ್ಕೆ ಒಂದು ಬುಟ್ಟಿಯೂ ಮುಗಿಯದು.

ಒಂದು ದಿನ ಮಧ್ಯಾಹ್ನ ಭೀಮಬಾಯಿ ತಮ್ಮ ಮನೆಗೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ತಟ್ಟೆಯ ಅಂಚಿನಲ್ಲಿ ಕೆಂಪು ಹಿಂಡಿ. ತಿಂದೆ, ಮತ್ತೊಮ್ಮೆ ಹಾಕಿಸಿಕೊಂಡು ತಿಂದೆ.

“ಇದು ಯಾವ ಮೀನು, ಭೀಮಬಾಯಿ?”

“ಅದೇ ರೀ, ನಿಮ್ಮ ಕಚರಾ.”

“ಹೊಟ್ಟಿ ಸೀಳೀರೇನು?”

“ಅಷ್ಟು ಪುರಸೊತ್ತು ಯಾರಿಗದ ರೀ?”

“ಮತ್ತ ಕಹಿ ಯಾಕಿಲ್ಲ?”

“ಇವು ಒಂದು ರಾತ್ರಿ ಉಪಾಸ ಇದ್ದವು. ನಿಮ್ಮವು ಹೊಟ್ಟಿ ತುಂಬ ಉಂಡು ಬರತಾವ.”

ಅವರು ಹಿತ್ತಲಿನ ಸಿಮೆಂಟ್ ಹೌದನ್ನು, ಅಂದರೆ ನೀರಿನ ತೊಟ್ಟಿಯನ್ನು, ತೋರಿಸಿದರು. ತಿಳಿನೀರಿನಲ್ಲಿ ಹಳೆಯ ಸೀರೆಯೊಂದನ್ನು ತೊಟ್ಟಿಲಂತೆ ಕಟ್ಟಲಾಗಿತ್ತು. ಸಂಜೆ ಹಿಡಿದ ಮೀನನ್ನು ಜೀವಂತವಾಗಿ ಅದರಲ್ಲಿ ಬಿಟ್ಟರೆ, ತಿಂದ ಪಾಚಿ, ಕೆಸರು ಎಲ್ಲ ಬೆಳಗಾಗುವಷ್ಟರಲ್ಲಿ ಹೊರಹೋಗಿ ಹೊಟ್ಟೆ ಖಾಲಿಯಾಗುತ್ತದೆ. ಅವರ ಅತ್ತೆಯ ಕಾಲದಿಂದಲೂ ಹಾಗೆಯೇ. ಶೆಡ್ಡಿನ ಕೆಲಸದಲ್ಲಿ ಆ ಪದ್ಧತಿಯನ್ನು ಬಿಡಿಸಿದವನು ನಾನು. ನೀರಿನಿಂದ ಎತ್ತಿದ ಒಂದು ಗಂಟೆಯೊಳಗೆ ಮೀನು ಹಬೆಯ ಪಾತ್ರೆ ಸೇರಬೇಕು ಎಂದು ಬೆಳಗಿನ ಬಲೆಯ ಮೀನನ್ನೇ ನೇರವಾಗಿ ತರಿಸುತ್ತಿದ್ದೆ.

“ಮೊದಲೇ ಹೇಳಬಾರದಿತ್ತೇನ್ರಿ?” ಎಂದೆ, ಸ್ವಲ್ಪ ಗಡಸಾಗಿಯೇ.

“ಹೇಳಿದ್ದೆ ರೀ. ಎರಡು ಸಲ. ನೀವು ಗ್ವಾಡಿ ಮ್ಯಾಲಿನ ಕಾಗದ ತೋರಿಸಿದ್ರಿ.”

ಶೆಡ್ಡಿನ ಗೋಡೆಗೆ ಅಂಟಿಸಿದ್ದ ಆ ನಿಯಮಗಳ ಕಾಗದ ನನ್ನ ಕೈಬರಹದ್ದು. ಒಳಗೆ ಬಂದು, ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯನ್ನು ನಾನು ತಲೆ ಎತ್ತದೆ ಮುಗಿಸಿದೆ.

ಮೀನನ್ನು ಶುದ್ಧ ನೀರಿನಲ್ಲಿ ಉಪವಾಸ ಇಡುವ ಈ ಕ್ರಮಕ್ಕೆ ಪುಸ್ತಕದಲ್ಲಿ ಡೆಪ್ಯುರೇಷನ್ ಎಂಬ ಹೆಸರಿದೆ. ಆ ಪುಟವನ್ನು ನಾನೂ ಓದಿದ್ದೆ. ಸಮುದ್ರದ ಚಿಪ್ಪುಜೀವಿಗಳ ಅಧ್ಯಾಯದಲ್ಲಿದ್ದುದರಿಂದ ನಮಗೆ ಸಂಬಂಧವಿಲ್ಲವೆಂದು ಮುಂದೆ ಹೋಗಿದ್ದೆ.

ಮೂರನೆಯ ಬ್ಯಾಚಿಗೆ ಎಂಟು ಮನೆಗಳ ಹೌದುಗಳಲ್ಲಿ ಸೀರೆ ಕಟ್ಟಿದೆವು. ನನ್ನ ಒಂದು ಗಂಟೆಯ ನಿಯಮ ಹೋಗಲಿಲ್ಲ. ಅದು ಬೆಳಗ್ಗೆ ಹೌದಿನಿಂದ ಮೀನು ಎತ್ತಿದ ಮೇಲೆ ಶುರುವಾಗುತ್ತಿತ್ತು. ಡಬ್ಬಿಗಳನ್ನು ಶರಣಮ್ಮನಿಗೆ ಕೊಟ್ಟು ಬಂದು ನಾಲ್ಕು ದಿನ ಕಾದೆ. ಐದನೆಯ ದಿನ ಖಾಲಿ ಡಬ್ಬಿಗಳು ಬಂದವು. ಜೊತೆಗೆ ಶರಣಮ್ಮನೂ ಬಂದಿದ್ದರು: “ಒಂದು ಡಬ್ಬಿ ನನ್ನ ಮನಿಗೂ ಬೇಕು. ಹುಡುಗ್ಯಾರ ಮುಂದ ಹೇಳಬ್ಯಾಡ್ರಿ.”

ಮೇಡಂ ವರದಿ ಕೇಳಿದಾಗ, ಕಹಿ ಬಂದದ್ದು ನನ್ನ ಸೂಚನೆಯಿಂದ, ಹೋದದ್ದು ಭೀಮಬಾಯಿಯವರ ಪದ್ಧತಿಯಿಂದ ಎಂದು ಬರೆದುಕೊಟ್ಟೆ. ಅವರು ಓದಿ, “ಇಷ್ಟು ಖುಲ್ಲಂ ಖುಲ್ಲಾ ಬರೀಬೇಕೇನ್ರಿ?” ಎಂದು ನಕ್ಕರು; ಆದರೆ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಶೆಡ್ ಉಳಿಯಿತು.

ಇತರರ ಮಾತನ್ನು ಶಂಕಿಸುವುದನ್ನು ನಾನು ಜೀವನಪೂರ್ತಿ ವಿದ್ಯೆಯೆಂದೇ ಭಾವಿಸಿದ್ದೆ. ಗೋಡೆಗೆ ಅಂಟಿಸಿದ ಮರುದಿನದಿಂದ ನನ್ನ ಮಾತೂ ಇತರರ ಮಾತಿನಂತೆಯೇ ಪರೀಕ್ಷೆಗೆ ಒಳಗಾಗಬೇಕು ಎಂಬುದನ್ನು ಕೆಲಸ ನನಗೆ ತಡವಾಗಿ ಕಲಿಸಿತು. ಕಲಿಸಿದವರು ಊಟ ಬಡಿಸಿ ಕಲಿಸಿದರು. ಆ ಋಣ ದೊಡ್ಡದು.

ಕಳೆದ ತಿಂಗಳು ಕಮಲಾಪುರದ ಬಸ್ಸಿನಲ್ಲಿ ಭೀಮಬಾಯಿ ಸಿಕ್ಕರು. ಹಿಂಡಿಯ ಪೆಟ್ಟಿಗೆ ತೊಡೆಯ ಮೇಲಿತ್ತು; ಕಿಟಕಿಯ ಪಕ್ಕ ಕುಳಿತಿದ್ದರು. ಜಾಗವಿಲ್ಲದೆ ನಾನು ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಅವರು ಸರಿದು ಕುಳಿತು ಕರೆದರು: “ಬರ್ರಿ ಸಾಹೇಬ್ರ, ಇಬ್ಬರಿಗೂ ಸಾಕಾಗ್ತದ.”