ಥುಕ್ಬಾದ ಮೆಸ್ಸಿನ ಖಾಲಿ ಮಂಚ

ಭೂಗೋಳ ಕಲಿಯಬೇಕಿದ್ದರೆ ಶಾಲೆಗೆ ಹೋಗಬಾರದು, ಗಲ್ಫಿನ ಈ ಥುಕ್ಬಾ ಪೇಟೆಯ ಬ್ಯಾಚುಲರ್ ಮೆಸ್ಸಿಗೆ ಬರಬೇಕು. ಶುಕ್ರವಾರ ಬಿರಿಯಾನಿ ಉಂಡು ಗೋಡೆಗೆ ಬೆನ್ನು ಕೊಟ್ಟು ಕೂತ ನಮ್ಮವರಿಗೆ ಗೊತ್ತಿಲ್ಲದ ದೇಶವೇ ಇಲ್ಲ. ಯಾವ ದೇಶದವರು ಸೋಮಾರಿಗಳು, ಯಾರನ್ನು ನಂಬಬಾರದು, ಯಾರು ಏನೇನು ತಿನ್ನುತ್ತಾರೆ, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಹಾಗೆ ತೀರ್ಪು ಕೊಡುವವರು ನೋಡಿದ ದೇಶ ಎರಡೇ. ಒಂದು ಬಿಟ್ಟು ಬಂದದ್ದು, ಇನ್ನೊಂದು ವಿಮಾನ ಇಳಿಸಿದ್ದು.

ನಾನು ಬಂಟ್ವಾಳ ಕಡೆಯ ಬ್ಯಾರಿ, ಟಯರ್ ಅಂಗಡಿಯ ಕೌಂಟರಿನಲ್ಲಿ ಕೆಲಸ. ನಮ್ಮ ಫ್ಲಾಟಿನಲ್ಲಿ ಎರಡು ಕೋಣೆ, ನಾಲ್ಕು ಮಂಚ. ಒಂದು ಮಂಚ ಮೆಸ್ಸಿನ ಪ್ರೆಸಿಡೆಂಟರದ್ದು. ಅವರನ್ನು ಯಾರೂ ಆರಿಸಿದ್ದಲ್ಲ, ಫ್ರಿಜ್ ಅವರದ್ದು, ಅಷ್ಟೇ. ಪುತ್ತೂರಿನವರು, ಗಡ್ಡಕ್ಕೆ ಮೆಹಂದಿ, ಮೊಬೈಲ್ ಕವರ್ ಮಾರುವ ಅಂಗಡಿ. ಅವರ ಕೋಣೆಯಲ್ಲೇ ಉಡುಪಿಯ ಅಕೌಂಟೆಂಟ್. ಅವನು ಹಿಂದೂ, ದನದ ಮಾಂಸ ಮುಟ್ಟುವುದಿಲ್ಲ. ಅವನಿಗೋಸ್ಕರ ನಮ್ಮ ಬ್ಯಾರಿ ಭಾಷೆ ಬಿಟ್ಟು ಮನೆಯ ಮಾತು ಕನ್ನಡ, ಅವನಿಗೋಸ್ಕರವೇ ಒಂದು ಬೇರೆ ಬಾಣಲೆ. ಒಮ್ಮೆ ನಾನು ಮರೆತು ಅದರಲ್ಲಿ ಬೀಫ್ ಹುರಿದಾಗ ಪ್ರೆಸಿಡೆಂಟ್ ನನ್ನ ವಂಶವನ್ನೆಲ್ಲ ಬೈದು, ಅದೇ ಸಂಜೆ ಅವನಿಗೆ ಹೊಸ ಬಾಣಲೆ ತಂದರು. ಹಾಗಾಗಿ ಅವರನ್ನು ಕೆಟ್ಟವರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬರುತ್ತಿದ್ದರೆ ಇದನ್ನು ಹೇಳುವುದು ಸುಲಭವಾಗುತ್ತಿತ್ತು.

ನನ್ನ ಕೋಣೆಯ ಜೊತೆಗಾರ ಗಂಟುಮೂಟೆ ಕಟ್ಟಿ ಊರಿಗೆ ಹೋದ ಮೇಲೆ ಒಂದು ಮಂಚ ಖಾಲಿಯಾಯಿತು. ಅದೇ ವಾರ ನಮ್ಮ ಅಂಗಡಿಗೆ ಒಬ್ಬ ಫಿಲಿಪ್ಪೀನ್ಸಿನ ಮೆಕ್ಯಾನಿಕ್ ಸೇರಿದ್ದ. ಕಫೀಲ್, ಅಂದರೆ ವೀಸಾದ ಧಣಿ, ಬದಲಾದದ್ದರಿಂದ ಹಳೇ ಕಂಪನಿಯವರು ಅವನನ್ನು ಕೆಲಸಗಾರರ ಕ್ಯಾಂಪಿನಿಂದ ಹೊರಗೆ ಹಾಕಿದ್ದರು. ರಾತ್ರಿ ಮಲಗಲು ಜಾಗವಿಲ್ಲದೆ ಅಂಗಡಿಯ ಹಿಂದೆ ಟಯರುಗಳ ನಡುವೆ ರಟ್ಟು ಹಾಸಿಕೊಂಡಿದ್ದ. ಆ ರಬ್ಬರಿನ ವಾಸನೆ, ಆ ಸೆಕೆ ನನಗೆ ಗೊತ್ತು. ನೋಡಲಾಗದೆ ಮನೆಗೆ ಕರೆದುಕೊಂಡು ಬಂದೆ.

ಪ್ರೆಸಿಡೆಂಟ್ ನನ್ನನ್ನು ಅಡುಗೆಮನೆಗೆ ಎಳೆದರು. "ಎಂತ ಮಾರಾಯ, ಫಿಲಿಪ್ಪೀನಿಯನ್ನು ಮನೆಗೆ ತಂದ್ಯಾ? ಅವರು ಹಂದಿ ತಿನ್ನುವ ಜನ ಅಲ್ವಾ?"

"ಇವ ಮುಸ್ಲಿಂ. ನಮಾಝ್ ಮಾಡುವುದನ್ನು ನಾನೇ ನೋಡಿದ್ದೇನೆ."

"ನೀನು ನಮಾಝ್ ನೋಡಿದ್ದೇ ದೊಡ್ಡ ಸುದ್ದಿ!" ಎಂದರು. ನಾನು ಮಸೀದಿಗೆ ಶುಕ್ರವಾರ ಮಾತ್ರ ಹೋಗುವವನು. ಆದ್ದರಿಂದ ಧರ್ಮದ ವಿಷಯದಲ್ಲಿ ನನ್ನ ಸಾಕ್ಷಿ ಈ ಮನೆಯಲ್ಲಿ ನಡೆಯುವುದಿಲ್ಲ.

ಅವನ ಇಕಾಮಾ, ಇಲ್ಲಿ ವಾಸಕ್ಕೆ ಸರಕಾರ ಕೊಡುವ ಕಾರ್ಡು, ತೋರಿಸಿದೆ. ಧರ್ಮದ ಕಾಲಮ್ಮಿನಲ್ಲಿ ಇಸ್ಲಾಂ ಎಂದು ಅರಬಿಯಲ್ಲಿ ಸ್ಪಷ್ಟವಾಗಿ ಇತ್ತು. ಪ್ರೆಸಿಡೆಂಟ್ ಕಾರ್ಡನ್ನು ತಿರುಗಿಸಿ, ಬೆಳಕಿಗೆ ಹಿಡಿದು, ವಾಪಸು ಕೊಟ್ಟರು. "ಇಲ್ಲಿಗೆ ಬಂದ ಮೇಲೆ ಎಷ್ಟೋ ಜನ ಇಸ್ಲಾಮಿಗೆ ಸೇರ್ತಾರೆ. ಕಾರ್ಡ್ ಬದಲಾಗ್ತದೆ, ನಾಲಿಗೆ ಬದಲಾಗ್ತದಾ?"

ಈ ಅರಬ್ ದೇಶದಲ್ಲಿ ಎಲ್ಲಿ ಹುಡುಕಿದರೂ ಹಂದಿ ಮಾಂಸದ ಒಂದು ತುಣುಕು ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತು. ಅದಕ್ಕೂ ಉತ್ತರ ಸಿದ್ಧವಿತ್ತು. ಹಂದಿ ಸಿಗುವ ಬಹ್ರೈನಿಗೆ ಸಮುದ್ರದ ಮೇಲೆ ಸೇತುವೆ ಇದೆಯಲ್ಲ, ಅದರ ಮೇಲೆ ಏನು ಬೇಕಾದರೂ ಬರಬಹುದು! ಅಂಗಡಿಯಲ್ಲಿ ನಟ್ಟು ಬಿಗಿಯುವ ಬಡಪಾಯಿ ಹಂದಿಗೋಸ್ಕರ ವೀಸಾ ಮಾಡಿಸಿ ಸಮುದ್ರ ದಾಟುತ್ತಾನೆಂದು ನಂಬಲು ಎಂಥ ಬುದ್ಧಿ ಬೇಕು! ಕೊನೆಗೆ ಗುರುವಾರದವರೆಗೆ ನೋಡೋಣ ಎಂಬ ತೀರ್ಮಾನವಾಯಿತು.

ಮರುದಿನ ಅವನು ಫ್ರಿಜ್ಜಿನಲ್ಲಿ ಒಂದು ಗಾಜಿನ ಭರಣಿ ಇಟ್ಟ. ಒಳಗೆ ಕೆಂಪಗೆ, ಒರಟಾಗಿ ಅರೆದ ಏನೋ ಒಂದು. ಅಕೌಂಟೆಂಟ್ ಮುಚ್ಚಳ ತೆರೆದು ಮೂಸಿ ಮೂಗು ಮುರಿದ. ಸಂಜೆಯೊಳಗೆ ಫ್ರಿಜ್ಜಿನ ಹಲಗೆಯ ಮೇಲೆ ಕೆಂಪು ಟೇಪಿನ ಗೆರೆ ಬಿತ್ತು. ಗೆರೆಯ ಆಚೆ ಭರಣಿ, ಈಚೆ ನಾವು. ಹಂದಿಯಿಂದ ಮುಸ್ಲಿಮರನ್ನು ಕಾಪಾಡುವ ಹೊಣೆಯನ್ನು ಉಡುಪಿಯ ಹಿಂದೂ ಹೊತ್ತುಕೊಂಡ ಆ ದೃಶ್ಯ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದೇನೆಂದು ನಾನು ಕೇಳಿದೆ. ಹುರಿದ ತೆಂಗಿನಕಾಯಿ, ಶುಂಠಿ, ಹಸಿಮೆಣಸು, ಅವರ ಊರಿನ ಒಂದು ಜಾತಿಯ ಸಣ್ಣ ಈರುಳ್ಳಿ. ತೆಂಗಿನಕಾಯಿ ಥುಕ್ಬಾದ ಮಲಯಾಳಿ ಅಂಗಡಿಯದ್ದು, ಊರಿನ ಈರುಳ್ಳಿಯ ಬದಲು ಇಲ್ಲಿಯ ಈರುಳ್ಳಿಸೊಪ್ಪು. ನಾಲಿಗೆಯ ತುದಿಗೆ ಇಟ್ಟ ಕೂಡಲೇ ನನ್ನ ಅಜ್ಜಿ ಒಣಮೀನಿನ ಜೊತೆ ಅರೆಯುತ್ತಿದ್ದ ಚಟ್ನಿ ನೆನಪಾಯಿತು. ಇದನ್ನೂ ಮೆಸ್ಸಿನಲ್ಲಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಗೆರೆಯ ಆಚೆಯಿದ್ದ ಭರಣಿ ಮಾತ್ರ ದಿನದಿನಕ್ಕೆ ಇಳಿಯತೊಡಗಿತು. ಒಂದು ಬೆಳಿಗ್ಗೆ ನಾನು ಬೇಗ ಎದ್ದು ಅಡುಗೆಮನೆಗೆ ಹೋದರೆ, ಗೆರೆ ಎಳೆದ ಮಹಾಶಯನೇ ಗಂಜಿಯ ಬಟ್ಟಲು ಹಿಡಿದು, ಚಮಚವನ್ನು ಭರಣಿಯ ತಳದವರೆಗೆ ಇಳಿಸಿದ್ದ. ನನ್ನನ್ನು ಕಂಡು, "ಟೆಸ್ಟ್ ಮಾಡ್ತಾ ಇದ್ದೆ" ಎಂದ.

ಗುರುವಾರ ತೀರ್ಪು ಬಂತು. ಪ್ರೆಸಿಡೆಂಟ್ ಅವನ ಹೆಗಲ ಮೇಲೆ ಕೈಯಿಟ್ಟು ತಮ್ಮ ಹರಕು ಇಂಗ್ಲಿಷಿನಲ್ಲಿ, ಊರಿನಿಂದ ನಮ್ಮ ಸಂಬಂಧಿಕರೊಬ್ಬರು ಬರುವವರಿದ್ದಾರೆ, ಮಂಚ ಅವರಿಗೆ ಬೇಕು ಎಂದರು. ಅಂಥ ಸಂಬಂಧಿಕ ಯಾರೂ ಇರಲಿಲ್ಲ. ನಾನು ಜಗಳಕ್ಕೆ ನಿಂತೆ, ಹಾಗಾದರೆ ನೀನೂ ಹೋಗು ಎಂದರು. ಅವನೇ ನನ್ನ ಕೈ ಹಿಡಿದು ಸುಮ್ಮನಾಗಿಸಿದ. ಸಂಬಂಧಿಕರು ಬರುತ್ತಾರೆ ಎಂದಾಗ ಅವನ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

ಹೊರಗೆ ಹಾಕಬೇಕಾದವರಿಗೆ ಉಣ್ಣಿಸಿ ಕಳಿಸುವುದು ನಮ್ಮವರ ದೊಡ್ಡತನ. ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಅವನನ್ನೂ ಬಿರಿಯಾನಿಗೆ ಕೂರಿಸಿದರು. ಬಾಯಿ ತುಂಬಿದ್ದಾಗ ಪ್ರೆಸಿಡೆಂಟರಿಗೆ ಕೊನೆಗೂ ಕೇಳಬೇಕೆನಿಸಿತು. "ನೀನು ಇಸ್ಲಾಮಿಗೆ ಯಾವಾಗ ಬಂದದ್ದು?"

"ನಾನು ಬಂದದ್ದಲ್ಲ" ಎಂದ ಅವನು. "ಅಜ್ಜನ ಅಜ್ಜನೂ ಮುಸ್ಲಿಮನೇ."

ಎಡಗೈಯಲ್ಲಿ ಮೊಬೈಲ್ ಹಿಡಿದು ಊರು ತೋರಿಸಿದ. ಫಿಲಿಪ್ಪೀನ್ಸಿನ ದಕ್ಷಿಣದಲ್ಲಿ ಬಂಗ್ಸಮೊರೊ ಎಂಬ ಪ್ರದೇಶ, ಅದಕ್ಕೆ ತನ್ನದೇ ಆದ ಸರಕಾರವಿದೆಯಂತೆ. ಬೆಟ್ಟಗಳ ನಡುವೆ ದೊಡ್ಡ ಸರೋವರ, ದಡದಲ್ಲಿ ಅವನ ಊರು, ಎಲ್ಲಿ ನೋಡಿದರೂ ಮಸೀದಿಯ ಗುಂಬಜು. ಭತ್ತ, ಜೋಳ, ತೆಂಗು ಬೆಳೆಯುತ್ತಾರೆ. ಹಿತ್ತಾಳೆ ಕೊಡ ಎರಕ ಹೊಯ್ಯುವ ಮನೆತನಗಳಿವೆ. ಕೆಲವು ವರ್ಷದ ಹಿಂದಿನ ಕಾಳಗದಲ್ಲಿ ಊರಿನ ಹಳೇ ಪೇಟೆ ನೆಲಸಮವಾಯಿತು, ಅದರಲ್ಲಿ ಅವನ ಮನೆಯೂ ಹೋಯಿತು. ಅಲ್ಲಿ ಉಳಿದವರು ಸಂತೆ ಮಾಡುತ್ತಾರೆ, ಹೊರಟವರು ಗಲ್ಫಿಗೆ ಬರುತ್ತಾರೆ. ಅವನ ಜನ ಹುಟ್ಟಾ ವ್ಯಾಪಾರಿಗಳು. ಆ ದೇಶದ ಯಾವ ಪೇಟೆಗೆ ಹೋದರೂ ಬಟ್ಟೆ, ಚಪ್ಪಲಿ, ಮೊಬೈಲ್ ಕವರ್ ಮಾರುತ್ತ ಕೂತಿರುತ್ತಾರೆ.

"ಮೊಬೈಲ್ ಕವರಾ?" ಪ್ರೆಸಿಡೆಂಟ್ ನೆಟ್ಟಗೆ ಕೂತರು. ಕಳೆದುಹೋದ ತಮ್ಮ ಸಿಕ್ಕಿದಂತೆ ಅವರ ಮುಖ ಅರಳಿತು. "ಹಾಗಾದ್ರೆ ನಮ್ಮವರೇ! ನನಗೆ ಮೊದಲೇ ಡೌಟ್ ಇತ್ತು. ನೀನು ಎಲ್ಲಿಗೂ ಹೋಗುವುದು ಬೇಡ, ಯಲ್ಲಾ, ಬ್ಯಾಗ್ ಒಳಗಿಡು."

ಅವನು ನಕ್ಕ. ಬೇಡ, ಹಿಂದಿನ ಓಣಿಯಲ್ಲಿ ಮನಿಲಾದ ಹುಡುಗರು ಜಾಗ ಕೊಟ್ಟಿದ್ದಾರೆ ಎಂದ. ಅವರು ಕ್ರಿಶ್ಚಿಯನ್ನರು, ಊರಿನಲ್ಲಿ ಹಂದಿ ತಿನ್ನುವವರೇ. ನಿನ್ನೆ ಸಂಜೆ ಇವನಿಗೋಸ್ಕರ ಒಂದು ಹೊಸ ಬಾಣಲೆ ತಂದಿಟ್ಟಿದ್ದಾರಂತೆ.

"ಮನಿಲಾದಲ್ಲಿ ನಾನು ಬಾಡಿಗೆಗೆ ಕೋಣೆ ಹುಡುಕಿದ್ದೆ. ಹಂದಿ ತಿನ್ನದವನು, ಮುಸ್ಲಿಂ ಎಂದು ಬಾಗಿಲು ಹಾಕಿದರು. ಇಲ್ಲಿ ಹಂದಿ ತಿನ್ನುತ್ತಾನೆಂದು ಹಾಕಿದಿರಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಎದ್ದು ಕೈ ತೊಳೆದು, ಫ್ರಿಜ್ಜಿನಿಂದ ಭರಣಿ ತೆಗೆದು ಅಕೌಂಟೆಂಟನ ಮುಂದಿಟ್ಟ. "ಸ್ವಲ್ಪವೇ ಉಳಿದಿದೆ, ನೀವೇ ಮುಗಿಸಿ." ನಾನು ಅವನ ಬ್ಯಾಗನ್ನು ಕೆಳಗಿನವರೆಗೆ ಹೊತ್ತು ಕೊಟ್ಟು ಬಂದೆ.

ಮೇಲೆ ಬಂದಾಗ ಇಬ್ಬರೂ ಅದೇ ಭಂಗಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಪ್ರೆಸಿಡೆಂಟರ ಫೋನ್ ಹೊಡೆದುಕೊಂಡಿತು. ಕೈಗೆ ಬಿರಿಯಾನಿ ಮೆತ್ತಿದ್ದರಿಂದ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದರು. ಅವರ ಮಗಳು. ಮೈಸೂರಿನಲ್ಲಿ ನರ್ಸಿಂಗ್ ಓದುವ ಹುಡುಗಿ, ಹಾಸ್ಟೆಲಿನಲ್ಲಿ ಜಾಗವಿಲ್ಲದೆ ಬಾಡಿಗೆ ಕೋಣೆ ಹುಡುಕುತ್ತಿದ್ದಳು. ಹಿಂದಿನ ದಿನವಷ್ಟೇ ಒಂದು ಮನೆ ಒಪ್ಪಿಗೆಯಾಗಿತ್ತು, ಮನೆಯವರು ಬಹಳ ಒಳ್ಳೆಯವರು ಎಂದು ಪ್ರೆಸಿಡೆಂಟ್ ನಮಗೆಲ್ಲ ಹೇಳಿಕೊಂಡು ತಿರುಗಿದ್ದರು.

"ಕೋಣೆ ಇಲ್ವಂತೆ" ಎಂದಳು ಹುಡುಗಿ. ಅತ್ತು ಮುಗಿಸಿದ ದನಿ. "ಆಧಾರ್ ಕಾರ್ಡ್ ಕೊಡುವವರೆಗೂ ಸರಿ ಇತ್ತು. ಹೆಸರು ನೋಡಿದ್ರು, ಅಡುಗೆಗೆ ಏನೇನು ಮಾಡ್ತೀರಿ ಅಂತ ಕೇಳಿದ್ರು. ಈಗ ಫೋನ್ ಮಾಡಿ, ಊರಿಂದ ಸಂಬಂಧಿಕರು ಬರ್ತಾರೆ, ಕೋಣೆ ಅವರಿಗೆ ಬೇಕು ಅಂತಾರೆ."

ಪ್ರೆಸಿಡೆಂಟರ ಕಣ್ಣು ಕೆಂಪಾಯಿತು. "ಯಾವ ಸಂಬಂಧಿಕರು? ಯಾರೂ ಬರುವುದಿಲ್ಲ ಮಗಳೇ, ಅದೆಲ್ಲ ಸುಳ್ಳು! ನಮ್ಮಂಥವರನ್ನು ಹೊರಗೆ ಹಾಕ್ಲಿಕ್ಕೆ ಅವರು ಹೇಳುವುದೇ—"

ಅಲ್ಲಿಗೆ ನಿಲ್ಲಿಸಿದರು. ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

"ಹೇಳುವುದೇ ಎಂತ?" ಎಂದು ಮಗಳು ಆ ಕಡೆಯಿಂದ ಕೇಳುತ್ತಲೇ ಇದ್ದಳು.