ನಂಜಪ್ಪನವರ ಬೀಗರ ಪಟ್ಟಿ

ಬೈಕ್ ಓಡಿಸುವಾಗ ಬಿಟ್ಟರೆ, ನಂಜಪ್ಪನವರು ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ನಮ್ಮ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಹೊಸ ರಾಗಿ ತಳಿ ಬೆಳೆಸುವ ತಾಕನ್ನು, ಅಂದರೆ ಪ್ರಯೋಗದ ಹೊಲವನ್ನು, ನೋಡಿಕೊಳ್ಳುತ್ತಿದ್ದವರು ಅವರು. ಬುತ್ತಿಯನ್ನೂ ನಿಂತೇ ಉಣ್ಣುತ್ತಿದ್ದರು. "ಕೂತ್ರೆ ಏಳೋಕೆ ಮಂಡಿ ಬಿಡಾಕಿಲ್ಲ ಸಾರ್" ಎನ್ನುತ್ತಿದ್ದರು. ನಾನೋ ಕುರ್ಚಿಯಲ್ಲಿ ಕೂತೇ ಏದುಸಿರು ಬಿಡುವಷ್ಟು ಚಿಂತೆ ಮಾಡುವವನು. ಸಂಶೋಧನೆಯಿಂದ ಜನರಿಗೆ ಏನು ಪ್ರಯೋಜನವಾಯಿತೆಂದು ನಮೂನೆ ತುಂಬಿ ಮೇಲಿನವರಿಗೆ ಕಳಿಸುವುದು ನನ್ನ ಕೆಲಸ.

ಒಂದು ವರ್ಷ ಪತ್ರ ಬಂತು: ಈ ರಾಗಿ ಎಷ್ಟು ಮನೆಗಳಿಗೆ ತಲುಪಿದೆ ಎಂದು ತೋರಿಸಿ, ಇಲ್ಲವೇ ತಾಕು ಮುಚ್ಚಿ. ನಂಜಪ್ಪನವರ ಬೈಕಿನ ಹಿಂದೆ ಕೂತು ಜಡಿಗೇನಹಳ್ಳಿಗೆ ಹೋದೆ. ಅಲ್ಲಿ ನಮ್ಮಿಂದ ಬೀಜ ಪಡೆದಿದ್ದವರು ಮುನಿರತ್ನಮ್ಮ ಒಬ್ಬರೇ.

"ನಿಮಗೆ ಯಾವ ಬಗೆಯ ಸಾಮಾಜಿಕ ಪ್ರಯೋಜನ ಉಂಟಾಗಿದೆ?" ನಮೂನೆಯಲ್ಲಿದ್ದಂತೆಯೇ ಓದಿದೆ.

ಆಕೆ ನಂಜಪ್ಪನವರ ಕಡೆ ತಿರುಗಿದರು. "ಏನಣ್ಣ ಕೇಳ್ತಾವ್ರೆ ಈವಯ್ಯ? ಪಿಂಚಣಿ ಗಿಂಚಣಿ ನಿಲ್ಲಿಸ್ಬಿಡ್ತಾರಾ?"

"ಅದ್ ಬಿಡಕ್ಕ. ಹೆಣ್ಮಕ್ಕಳನ್ನ ಎಲ್ಲೆಲ್ಲಿಗೆ ಕೊಟ್ಟಿದ್ದೀಯ?"

ನಮೂನೆಯಲ್ಲಿಲ್ಲದ ಪ್ರಶ್ನೆ; ನನಗೆ ದಿಗಿಲಾಯಿತು. ಆಕೆ ಮಾತ್ರ ಬೆರಳು ಮಡಿಸತೊಡಗಿದರು. ದೊಡ್ಡವಳು ದೇವನಹಳ್ಳಿ ಕಡೆ. ತವರಿಗೆ ಬಂದಾಗ ಎರಡು ಸೇರು ಬೀಜ ಕಟ್ಟಿಕೊಂಡು ಹೋದಳು. ಅವಳಿಂದ ಅವಳ ನಾದಿನಿಗೆ, ದಾಬಸ್‌ಪೇಟೆ ಹತ್ತಿರ. "ಸಂಜೆಗೂ ಮುದ್ದೆ ಮೆತ್ತಗಿರ್ತದೆ. ಕೇಳ್ದೋರ್ಗೆ ಇಲ್ಲ ಅನ್ನೋಕಾಯ್ತದಾ?"

"ನೋಡಿದ್ರಾ ಸಾರ್? ನಮ್ಮ ಆಫೀಸಿಂದ ಊರಿಗೆ ಒಂದೇ ಮನೆಗೆ ಹೋಗೋದು. ಆಮೇಲೆ ಹೆಣ್ಮಕ್ಕಳ ಜೊತೆ ಹೋಗ್ತದೆ. ಬರ್ಕೊಳ್ಳಿ."

ತಿಂಗಳಿಡೀ ಬೀಗರ ಮನೆಯಿಂದ ಬೀಗರ ಮನೆಗೆ ಸುತ್ತಿದೆವು. ನಂಜಪ್ಪನವರ ನೋಟ್‌ಬುಕ್ ತುಂಬಿತು. ಆದರೆ ನಮೂನೆಯಲ್ಲಿ ಬೀಜದ ರಸೀದಿ ಸಂಖ್ಯೆಗೊಂದು ಕಾಲಂ ಇತ್ತು. ಸೊಸೆಯಂದಿರ ಮಡಿಲಲ್ಲಿ ಹೋದ ಬೀಜಕ್ಕೆ ರಸೀದಿ ಎಲ್ಲಿಂದ ತರಲಿ? ಆಕ್ಷೇಪಣೆ ಬಂದರೆ? ವಿಚಾರಣೆಯಾದರೆ? ಕಳಿಸುವ ದಿನ ನಮೂನೆಯಲ್ಲಿ ತುಂಬಿದ್ದ ಬೀಗರನ್ನೆಲ್ಲ ಅಳಿಸಿ, ರಸೀದಿ ಇದ್ದ ಬೆರಳೆಣಿಕೆಯ ಮಂದಿಯನ್ನು ಉಳಿಸಿದೆ. ತಾಕು ಮುಚ್ಚಿತು.

ಬೀಗರನ್ನು ಅಳಿಸಿದ್ದನ್ನು ಹೇಳಲು ತಾಕಿಗೆ ಹೋದೆ. ನಂಜಪ್ಪನವರು ಮೆಲ್ಲಗೆ ಬದುವಿನ ಮೇಲೆ ಕೂತರು.

"ಅಷ್ಟು ಮನೇಲಿ ಕಾಫಿ ಕುಡಿದ್ವಲ್ಲ ಸಾರ್. ಅವ್ರ್ಯಾರೂ ಇಲ್ವಾ ಅದ್ರಲ್ಲಿ?"

ಜೇಬಿನಿಂದ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. "ಇಟ್ಕೊಳ್ಳಿ. ಇದ್ನ ಮಾತ್ರ ಅಳಿಸ್ಬೇಡಿ."

ಅದೇ ಕೊನೆಯ ಭೇಟಿ. ನಿವೃತ್ತರಾಗಿ ಊರು ಸೇರಿದವರು ಹೋದ ವರ್ಷ ತೀರಿಕೊಂಡರು.

ಮೊನ್ನೆ ಮುನಿರತ್ನಮ್ಮನ ಕಿರಿಮಗಳ ಲಗ್ನಪತ್ರಿಕೆ ಬಂತು. ಗಂಡಿನ ಮನೆ ನೆಲಮಂಗಲದ ಆಚೆ. ಮೇಜಿನ ಖಾನೆಯಿಂದ ನೋಟ್‌ಬುಕ್ ತೆಗೆದು ಹುಡುಕಿದೆ. ಆ ಊರು ಇರಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ, ನಿಂತೇ ಬರೆದುಕೊಂಡೆ.