ದ್ವಾದಶಿಯ ಇಳಿತ

೧೯೬೦ರಲ್ಲಿ ನಾನು ಕುಮಟೆಯ ಕಡೆಯ ಒಂದು ವಸತಿ ಶಾಲೆಯಲ್ಲಿ ಒಂಬತ್ತನೇ ಇಯತ್ತೆ ಓದುತ್ತಿದ್ದೆ. ಶಾಲೆಯ ಹೆಸರು ಬೇಡ. ವಕೀಲರು, ಡಾಕ್ಟರು, ಮುಂಬಯಿಯಲ್ಲಿ ವ್ಯಾಪಾರ ಮಾಡುವವರು ಮಕ್ಕಳನ್ನು ಕಳಿಸುತ್ತಿದ್ದ ದೊಡ್ಡ ಶಾಲೆ ಅದು. ನಾನು ಕಾಗಾಲದವನು. ನನ್ನ ಅಪ್ಪ ಹೊಳೆಯಂಚಿನ ಗಜನಿ ಗದ್ದೆಯ ಕಟ್ಟು ಕಾಯುತ್ತಿದ್ದ. ಇಳಿತದಲ್ಲಿ ಕಟ್ಟಿನ ಬಾಯಿಯ ಹಲಗೆ ತೆಗೆದು ಗದ್ದೆಯ ನೀರು ಹೊರಗೆ ಬಿಡುವುದು, ಉಬ್ಬರ ಬರುವ ಮೊದಲು ಹಲಗೆ ಹಾಕಿ ಉಪ್ಪುನೀರು ತಡೆಯುವುದು ಅವನ ಕೆಲಸ. ಬುದ್ಧಿವಂತ ಹುಡುಗ ಎಂದು ನನ್ನನ್ನು ಫೀ ಇಲ್ಲದೆ ಸೇರಿಸಿಕೊಂಡಿದ್ದರು. ತರಗತಿಯ ಮೊದಲ ನಂಬರು ಬಿಟ್ಟರೆ ನನ್ನದು ಎನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಆ ವರ್ಷ ಜೂನಿನಲ್ಲಿ ಹೊನ್ನಾವರದಿಂದ ಸದಾನಂದ ಬಂದ. ವಕೀಲರ ಮಗ. ತೆಳ್ಳಗೆ, ಬೆಳ್ಳಗೆ, ಮುತ್ತಿನಂಥ ಅಕ್ಷರ. ಎರಡೇ ತಿಂಗಳಲ್ಲಿ ನನ್ನ ಮೊದಲ ನಂಬರು ಅವನದಾಯಿತು. ಬೆಳಗಿನ ಪ್ರಾರ್ಥನೆ ಹೇಳಿಸುವುದು ನನ್ನ ಕೆಲಸವಾಗಿತ್ತು, ಅದೂ ಅವನಿಗೆ ಹೋಯಿತು. ಹೆಡ್ ಮಾಸ್ತರರ ಹೆಂಡತಿ ಅವನನ್ನು ಮನೆಗೆ ಕರೆದು ತಿಂಡಿ ಕೊಡುತ್ತಿದ್ದರು. ನನ್ನನ್ನು ಒಂದು ದಿನವೂ ಕರೆದವರಲ್ಲ. ನನಗೆ ಎಷ್ಟು ಹೊಟ್ಟೆಕಿಚ್ಚು ಬಂತೆಂದರೆ ಅವನು ಊಟಕ್ಕೆ ಕುಳಿತ ಪಂಕ್ತಿಯಲ್ಲಿ ಕುಳಿತರೆ ಅನ್ನ ಇಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದುದು, ಅವನಿಗೆ ನಾನೆಂದರೆ ಇಷ್ಟ ಎಂಬುದಕ್ಕೆ. ಮನೆಯಿಂದ ಬಂದ ಉಂಡೆಯಲ್ಲಿ ಮೊದಲನೆಯದನ್ನು ನನಗೇ ಕೊಡುತ್ತಿದ್ದ. ನಾನು ತಿನ್ನುತ್ತಲೂ ಇದ್ದೆ, ಉರಿಯುತ್ತಲೂ ಇದ್ದೆ.

ನಮ್ಮ ಹಾಸ್ಟೆಲಿನಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲ ಕಳೆದು ಅಘನಾಶಿನಿ ಹೊಳೆ ತಿಳಿಯಾದ ಮೇಲೆ ದೊಡ್ಡ ಹುಡುಗರು ಹೊಸಬರಿಂದ ‘ದಿಬ್ಬ ಮುಟ್ಟಿಸು’ತ್ತಿದ್ದರು. ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳು ದಿಬ್ಬ ಏಳುತ್ತದೆ. ಹೊಸ ಹುಡುಗ ಬಟ್ಟೆ ಕಳಚಿಟ್ಟು, ಬರೀ ಲಂಗೋಟಿಯಲ್ಲಿ, ಮೊಣಕಾಲುದ್ದದ ನೀರು ದಾಟಿ ಅಲ್ಲಿಗೆ ಹೋಗಿ ಕೂರಬೇಕು. ದಡದಲ್ಲಿ ಪಂಚೆ ಬೀಸಿದಾಗ ಮಾತ್ರ ವಾಪಸು ಬರಬೇಕು. ಅದಕ್ಕೆ ಮೊದಲೇ ಬಂದರೆ ವಾರವಿಡೀ ಮತ್ತೆ ಮತ್ತೆ ಕಳಿಸುತ್ತಿದ್ದರು. ನನ್ನನ್ನೂ ಕೂರಿಸಿದ್ದರು. ನೀರಿನ ಹುಡುಗ ಹೆದರಲಿಲ್ಲ ಎಂದು ಅವರಿಗೆ ಬೇಸರವಾಗಿ, ಮರುವರ್ಷದಿಂದ ನನ್ನನ್ನು ಹೊತ್ತು ಹೇಳುವವನನ್ನಾಗಿ ಮಾಡಿಕೊಂಡರು. ತಿಥಿ ನೋಡಿ ನೀರಿನ ಹೊತ್ತು ಹೇಳುವುದು ಘಟ್ಟದ ಮೇಲಿನವರಿಗೂ ಮುಂಬಯಿಯವರಿಗೂ ಬರುತ್ತಿರಲಿಲ್ಲ. ದಿನಕ್ಕೆ ಎರಡು ಗಳಿಗೆ ಮುಂದಕ್ಕೆ ಹೋಗುವ ಆ ಲೆಕ್ಕ ನನಗೆ ಅಪ್ಪನಿಂದ ಬಾಯಿಪಾಠವಾಗಿತ್ತು.

ಸದಾನಂದನ ಸರದಿ ಬಂದದ್ದು ಒಂದು ಭಾನುವಾರ. ಹಿಂದಿನ ದಿನ ಏಕಾದಶಿ, ಹಾಸ್ಟೆಲಿನಲ್ಲಿ ಅವಲಕ್ಕಿ ತಿಂದಿದ್ದೆವು. ದ್ವಾದಶಿಯಂದು ನೀರು ಮೂರು ಗಂಟೆಗೆ ತಳ ಮುಟ್ಟಿ ಮತ್ತೆ ಏರತೊಡಗುತ್ತದೆ. ನಾಲ್ಕಕ್ಕೆ ದಾಟಿ ಬಂದುಬಿಡಬೇಕು. ಹನ್ನೊಂದನೇ ಇಯತ್ತೆಯ ಮಧುಕರ ಈ ಆಟದ ಮುಖಂಡ. ಅವನ ಕೈಯಲ್ಲಿ ಗಡಿಯಾರ ಇತ್ತು.

“ಎಷ್ಟು ಹೊತ್ತಿನ ತನಕ ಕೂರಿಸ್ಬಹುದೋ?” ಎಂದು ಕೇಳಿದ.

ಪಕ್ಕದಲ್ಲೇ ಸದಾನಂದ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಬಿಚ್ಚಿದ ಅಂಗಿಯನ್ನು ಅಂಥ ಹೊತ್ತಿನಲ್ಲೂ ನೀಟಾಗಿ ಮಡಚಿ ಇಟ್ಟ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

“ಐದು ಗಂಟೆ ತನಕ ಅಡ್ಡಿಲ್ಲ” ಎಂದೆ.

ಅವನು ಸಾಯಲಿ ಎಂದು ನಾನು ಹೇಳಲಿಲ್ಲ, ಇಷ್ಟನ್ನು ನೀವು ನಂಬಬೇಕು. ಅಳಬೇಕು, ಎಲ್ಲರೆದುರು ಹೆದರಿ ಕೂಗಬೇಕು, ಸೋಮವಾರದ ಪ್ರಾರ್ಥನೆಯಲ್ಲಿ ಅವನ ಗಂಟಲು ನಡುಗಬೇಕು ಎಂದಷ್ಟೇ ಇತ್ತು.

ಅವನು ಹೋಗಿ ಕುಳಿತ. ನಾಲ್ಕು ದಾಟಿತು. ಮರಳಿನ ಅಂಚು ಕರಗುತ್ತಿದ್ದುದು ನನಗೆ ಕಾಣುತ್ತಿತ್ತು. ನಾಲ್ಕೂಕಾಲಿಗೆ ಬಾಯಿ ಬಿಟ್ಟಿದ್ದರೂ ಸಾಕಿತ್ತು. ಇನ್ನೂ ಅಳಲಿಲ್ಲವಲ್ಲ, ಸ್ವಲ್ಪ ಇರಲಿ ಎಂದು ಸುಮ್ಮನೆ ನಿಂತೆ. ನಾಲ್ಕೂವರೆಗೆ ಅವನು ಎದ್ದು ನಿಂತು ನಮ್ಮ ಕಡೆ ನೋಡಿದ. ಪಂಚೆ ಬೀಸಲಿಲ್ಲವೆಂದು ಅಲ್ಲೇ ನಿಂತ. ಮಧುಕರ ನನ್ನ ಮುಖ ನೋಡಿದ.

“ನೀರು ಜಾಸ್ತಿ ಆದಂಗೆ ಕಾಣ್ತದಲ್ಲ?”

“ಐದಕ್ಕೆ ಅಂದ್ನಲ್ಲ” ಎಂದೆ.

ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಮಧುಕರ ತಡೆಯಲಾರದೆ ಪಂಚೆ ಬೀಸಿದ. ಸದಾನಂದ ನೀರಿಗಿಳಿದ. ನಡು ಹಾದಿಯ ಹಳ್ಳಕ್ಕೆ ಬಂದವನು ಎದೆಮಟ್ಟ ಮುಳುಗಿದ, ಆಮೇಲೆ ತಲೆಯೂ ಕಾಣಲಿಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಆದರೆ ನನ್ನ ಕಾಲು ಕಿತ್ತು ಮುಂದೆ ಬರಲಿಲ್ಲ. ಬಳಚಿನ ಚಿಪ್ಪು ಹೆಕ್ಕಿ ಮನೆಗೆ ಹೊರಟಿದ್ದ ಒಬ್ಬ ಹೆಂಗಸು ಸಣ್ಣ ದೋಣಿ ತಿರುಗಿಸಿ ಬಂದು ಅವನ ಕೂದಲಿಗೆ ಕೈ ಹಾಕಿ ಎಳೆದಳು. ದಡಕ್ಕೆ ತಂದು ಮಗುಚಿ ಹಾಕಿ ಬೆನ್ನು ಒತ್ತಿ ನೀರು ಕಕ್ಕಿಸಿದಳು.

“ಯಾರ ಮನಿ ಮಕ್ಕಳು ನೀವು? ಇವತ್ತು ದ್ವಾದಶಿ. ಮೂರಕ್ಕೇ ನೀರು ತಿರುಗ್ತದೆ ಅಂತ ನಮ್ಮ ಕೂಸಿಗೂ ಗೊತ್ತು. ನಿಮ್ಮಲ್ಲಿ ಒಬ್ಬಂಗೂ ಗೊತ್ತಿಲ್ವಾ?” ಎಂದಳು.

ಮರುದಿನ ಹೆಡ್ ಮಾಸ್ತರರು ನಮ್ಮನ್ನೆಲ್ಲ ಸದಾನಂದ ಮಲಗಿದ್ದ ಕೋಣೆಗೇ ಕರೆಸಿದರು. ಅವರು ಧಾರವಾಡದ ಕಡೆಯವರು. ಮಧುಕರ ತಾನು ಕಳಿಸಿದ್ದನ್ನು ಒಪ್ಪಿಕೊಂಡ. “ಆದ್ರೆ ಐದು ಗಂಟೆ ತನಕ ಅಡ್ಡಿಲ್ಲ ಅಂದವ ಇವ್ನೇ ಸರ್” ಎಂದು ನನ್ನನ್ನು ತೋರಿಸಿದ.

“ನಾನು ನಾಲ್ಕು ಅಂದಿದ್ದೆ ಸರ್” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಉಳಿದ ಹುಡುಗರು ಹಿಂದಿನ ದಿನ ದೂರದಲ್ಲಿದ್ದರು, ಕೇಳಿಸಿಕೊಂಡಿರಲಿಲ್ಲ. ಹೆಡ್ ಮಾಸ್ತರರು ಹಾಸಿಗೆಯ ಕಡೆ ತಿರುಗಿ, “ನೀ ಹೇಳಪಾ, ನೀ ಅಲ್ಲೇ ಇದ್ದೆಲ್ಲ. ಇವ ಏನಂದ?” ಎಂದು ಕೇಳಿದರು.

ಸದಾನಂದ ನನ್ನನ್ನು ನೋಡಿದ. ನಾನು ಗೋಡೆ ನೋಡುತ್ತಿದ್ದೆ. “ಅಂಗಿ ತೆಗೀತಾ ಇದ್ದೆ ಸರ್, ಕೇಳಿಲ್ಲ” ಎಂದ.

ಮಧುಕರನ ಹೆಸರನ್ನು ಶಾಲೆಯ ಪಟ್ಟಿಯಿಂದ ಕಡಿದರು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಇದ್ದವು. ಆ ಪದ್ಧತಿಯೂ ಅಂದಿಗೆ ನಿಂತಿತು. ಮಧುಕರ ಟ್ರಂಕು ಹೊರಿಸಿಕೊಂಡು ಗೇಟು ದಾಟುವಾಗ ಒಮ್ಮೆ ತಿರುಗಿ, “ನಾಲ್ಕು ಅಂದಿದ್ಯಾ?” ಎಂದಷ್ಟೇ ಕೇಳಿದ.

ಅದೇ ಸಂಜೆ ಸದಾನಂದ ನನ್ನನ್ನು ಕರೆಸಿದ. ಹೆಡ್ ಮಾಸ್ತರರ ಹೆಂಡತಿ ಅವನಿಗೆ ತಾವೇ ಚಮಚದಲ್ಲಿ ಗಂಜಿ ಕುಡಿಸಿ ಹೋಗಿದ್ದರು. ನಾಚಿಕೆಯ ಮಾತು, ಆ ಗಂಜಿಯ ಬಟ್ಟಲು ನೋಡಿಯೂ ನನಗೆ ಹೊಟ್ಟೆಕಿಚ್ಚಾಯಿತು.

“ನಂಗೆ ಕೇಳಿತ್ತು” ಎಂದ.

“ಮತ್ತೆ ಎಂತಕ್ಕೆ ಹೇಳಿಲ್ಲ?”

“ಹೇಳಿದ್ರೆ ನಿನ್ನ ಮನೆಗೆ ಕಳಿಸ್ತಿದ್ರು. ಮಧುಕರಂಗೆ ಇನ್ನೊಂದು ಶಾಲೆ ಸಿಗ್ತದೆ. ನಿಂಗೆ?”

ಆಮೇಲೆ, “ನಂಗೆ ಈಜು ಕಲಿಸ್ತ್ಯಾ?” ಎಂದು ಕೇಳಿದ. “ಆತು” ಎಂದೆ. ಕಲಿಸಲಿಲ್ಲ. ಅವನ ಕೈ ಹಿಡಿದು ನೀರಿಗಿಳಿಯುವ ಮುಖ ನನಗಿರಲಿಲ್ಲ.

ಅವನು ಮುಂದೆ ಯಾರಿಗೂ ಹೇಳಲಿಲ್ಲ, ನನ್ನನ್ನು ಹಂಗಿಸಲೂ ಇಲ್ಲ. ಅಂಥವನನ್ನು ಕಂಡರೆ ಕೃತಜ್ಞತೆ ಹುಟ್ಟಬೇಕು. ನನಗೆ ಹುಟ್ಟಿದ್ದು ಇನ್ನಷ್ಟು ಮತ್ಸರ. ನಂಬರು ಹೋದರೆ ಓದಿ ಹಿಂದಕ್ಕೆ ಪಡೆಯಬಹುದು, ಎರಡು ವರ್ಷದ ಮೇಲೆ ಪಡೆದೆ ಕೂಡ. ಹಾಸಿಗೆಯ ಮೇಲೆ ಮಲಗಿ ನನ್ನ ಮುಖ ನೋಡಿ ‘ಕೇಳಿಲ್ಲ’ ಅಂದನಲ್ಲ, ಆ ಮನಸ್ಸನ್ನು ಎಲ್ಲಿಂದ ಪಡೆಯಲಿ? ಅವನು ತೀರಿಕೊಂಡು ಹನ್ನೆರಡು ವರ್ಷವಾಯಿತು. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಆದರೆ ಅವನ ಆ ಒಳ್ಳೆಯತನದ ಬೆಲೆ ತೆತ್ತವನು ಇನ್ನೊಬ್ಬ. ಮಧುಕರ ಮಾಡಿದ್ದು ತಪ್ಪೇ, ಅದಕ್ಕೆ ಅವನು ಶಿಕ್ಷೆ ಉಂಡ. ಜೊತೆಗೆ ಸುಳ್ಳುಗಾರ ಎಂಬ ಹೆಸರನ್ನೂ ಹೊತ್ತು ಹೋದ. ಅವನು ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ಗೊತ್ತಿಲ್ಲ. ಅವನ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದಿದರೆ ಅವರಿಗೆ ಒಂದು ಮಾತು: ನಿಮ್ಮ ಹಿರಿಯರು ಅಂದು ಹೆಡ್ ಮಾಸ್ತರರ ಮುಂದೆ ನಿಜವನ್ನೇ ಹೇಳಿದ್ದರು. ಐದು ಗಂಟೆ ಎಂದವನು ನಾನು.